ಸುರಂಗದ ನೀರಿನಿಂದ ಕಂಪ್ಯೂಟರ್ ತಣಿಸಬಹುದೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯವನು. ಯಕ್ಷಗಾನ, ಕೋಲ, ಮದುವೆಗಳ ವೀಡಿಯೊ ಮಾಡಿ ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಇಂಟೆಲ್ ಕೋರ್ ಐ7 12700 ಪ್ರೊಸೆಸರ್, 32 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರಿನ ಡಬ್ಬಿಯಲ್ಲೇ ಬಂದ ಫ್ಯಾನು ಹಾಕಿದ್ದಾರೆ. ಮಾರ್ಚ್ ತಿಂಗಳು ಬಂತೆಂದರೆ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವೀಡಿಯೊ ಫೈಲು ಮಾಡಲಿಕ್ಕೆ) ಹಾಕಿದ ಐದೇ ನಿಮಿಷಕ್ಕೆ 100 ಡಿಗ್ರಿ ತೋರಿಸುತ್ತದೆ. ಫ್ಯಾನು ಅಕ್ಕಿ ಮಿಲ್ಲಿನ ಹಾಗೆ ಕಿರುಚುತ್ತದೆ. ರೂಮು ಟೆರೇಸಿನ ಮೇಲೆ, ಶೀಟಿನ ಮಾಡು, ಎಸಿ ಇಲ್ಲ. ಸ್ನೇಹಿತರು ವಾಟರ್ ಕೂಲಿಂಗ್ ಹಾಕು ಅನ್ನುತ್ತಾರೆ. ನನ್ನ ಹತ್ತಿರ 6,000 ರೂಪಾಯಿ ಉಂಟು. ಮೀನಿನ ತೊಟ್ಟಿಯ ಪಂಪು, ತಾಮ್ರದ ಪೈಪು, ಒಂದು ಬಕೆಟ್ ಇದ್ದರೆ 1,500ಕ್ಕೆ ಮುಗಿಯುತ್ತದೆ ಎಂದು ಇನ್ನೊಬ್ಬ ಹೇಳುತ್ತಾನೆ. ನಮ್ಮ ಮನೆಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಪೈಪಿನಲ್ಲಿ ತಂಪು ನೀರು ದಿನವಿಡೀ ಬರುತ್ತದೆ. ಅದನ್ನೇ ಪ್ರೊಸೆಸರ್ ಮೇಲಿನಿಂದ ಹಾಯಿಸಿ ತೋಟಕ್ಕೆ ಬಿಟ್ಟರೆ ಆಗುವುದಿಲ್ಲವೇ? ಅಜ್ಜನ ಕಾಲದ ಡೀಸೆಲ್ ಪಂಪ್‌ಸೆಟ್ಟು ಹಾಗೇ ಓಡುತ್ತಿತ್ತಲ್ಲ? ನೀರು ಸೋರಿದರೆ ಗತಿಯೇನು ಎಂಬ ಹೆದರಿಕೆಯೂ ಉಂಟು.

ಉತ್ತರ: ಸುರಂಗದ ವಿಷಯ ಓದುವಾಗ ಮೊದಲು ನಗು ಬಂತು. ಪಂಪ್‌ಸೆಟ್ಟಿನ ಮಾತಿಗೆ ಬಂದಾಗ ನಗು ನಿಂತಿತು. ಯಾಕೆಂದರೆ ನೀವು ಹೇಳುವುದರಲ್ಲಿ ಲೆಕ್ಕ ತಪ್ಪಿಲ್ಲ. ಕಾಸರಗೋಡಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತಿದ್ದೇನೆ. ವಾಟರ್ ಕೂಲಿಂಗ್ ಕೇಳಿದವರು ಬೇಕಾದಷ್ಟು ಜನ. ಸುರಂಗದ ಲೈನನ್ನೇ ಕಂಪ್ಯೂಟರಿಗೆ ಕೊಡುತ್ತೇನೆ ಎಂದವರು ನೀವೇ ಮೊದಲು.

ನೀವು ಕಂಡ 100 ಡಿಗ್ರಿಯಿಂದ ಶುರು ಮಾಡುತ್ತೇನೆ. 100 ಡಿಗ್ರಿ ಕಂಡ ಮಾತ್ರಕ್ಕೆ ಪ್ರೊಸೆಸರ್ ಸುಟ್ಟು ಹೋಗುವುದಿಲ್ಲ. ಈ ಪ್ರೊಸೆಸರಿಗೆ ಇಂಟೆಲ್ ಇಟ್ಟಿರುವ ಮೇಲಿನ ಮಿತಿಯೇ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡಲೇ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಮತ್ತೂ ಬಿಸಿ ಏರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ನಿಮಗೆ ಆಗುತ್ತಿರುವ ನಷ್ಟ ಬೇರೆ. ಅಡಿಕೆ ಮೂಟೆ ಹೊತ್ತು ಗುಡ್ಡೆ ಹತ್ತುವವನು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಹಾಗೆ ನಿಮ್ಮ ಪ್ರೊಸೆಸರ್ ನಿಂತು ನಿಂತು ಕೆಲಸ ಮಾಡುತ್ತಿದೆ. ದುಡ್ಡು ಕೊಟ್ಟದ್ದು ಐ7ಗೆ, ಸಿಗುತ್ತಿರುವುದು ಅದಕ್ಕಿಂತ ಕಡಿಮೆ.

ಬಿಸಿ ಇಷ್ಟು ಯಾಕೆ? ಡಬ್ಬಿಯಲ್ಲಿ 65 ವಾಟ್ ಎಂದು ಬರೆದಿರುತ್ತಾರೆ. ಅದು ಮೂಲ ವೇಗದಲ್ಲಿ ಓಡುವಾಗಿನ ಲೆಕ್ಕ. ಹೊರೆ ಬಿದ್ದಾಗ ತಾನಾಗಿ ಏರುವ ಟರ್ಬೊ ವೇಗದಲ್ಲಿ ಇದೇ ಪ್ರೊಸೆಸರ್ 180 ವಾಟ್ ತನಕ ಎಳೆಯುತ್ತದೆ. ಡಬ್ಬಿಯ ಜೊತೆ ಬರುವ ಚಿಕ್ಕ ಫ್ಯಾನು ಮೊದಲಿನ ಲೆಕ್ಕಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಮದರ್‌ಬೋರ್ಡ್ ಮಾಡುವವರು ತಮ್ಮ ಬೋರ್ಡು ಫಾಸ್ಟ್ ಎಂದು ಕಾಣಿಸಲಿಕ್ಕೆ ಟರ್ಬೊವನ್ನು ತಾಸುಗಟ್ಟಲೆ ಬಿಟ್ಟುಬಿಡುತ್ತಾರೆ. ಮೇಲಿಂದ ಶೀಟಿನ ಮಾಡು. ಏಪ್ರಿಲ್ ಮಧ್ಯಾಹ್ನ ಆ ರೂಮಿನಲ್ಲಿ 38 ಡಿಗ್ರಿ ಇದ್ದರೂ ಆಶ್ಚರ್ಯವಿಲ್ಲ. ರೂಮಿನ ಬಿಸಿ ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಸುಮಾರು ಒಂದು ಡಿಗ್ರಿ ಏರುತ್ತದೆ. ಯಾವ ಕೂಲರ್ ಹಾಕಿದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ.

ವಾಟರ್ ಕೂಲಿಂಗ್ ಎಂದರೆ ಫ್ರಿಜ್ಜಿನ ಹಾಗೆ ತಣ್ಣಗೆ ಮಾಡುವ ಸಾಧನ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಬಿಸಿಯನ್ನು ಹೊತ್ತು ಸಾಗಿಸುವ ಕೂಲಿ, ಅಷ್ಟೆ. ಪ್ರೊಸೆಸರಿನ ಮೇಲೆ ತಾಮ್ರದ ತಟ್ಟೆ, ಅದರ ಮೇಲೆ ಪುಟ್ಟ ಪಂಪು. ನೀರು ಬಿಸಿಯನ್ನು ಎತ್ತಿಕೊಂಡು ರಬ್ಬರ್ ಟ್ಯೂಬಿನಲ್ಲಿ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನು ಬೀಸಿ ಬಿಸಿಯನ್ನು ಗಾಳಿಗೆ ಕೊಡುತ್ತದೆ. ಕಡೆಗೆ ಬಿಸಿ ಸೇರುವುದು ನಿಮ್ಮ ರೂಮಿನ ಗಾಳಿಗೇ. ರೂಮಿನಲ್ಲಿ 38 ಡಿಗ್ರಿ ಇದ್ದರೆ ಒಳಗಿನ ನೀರು ಅದಕ್ಕಿಂತ ತಣ್ಣಗಿರಲು ಸಾಧ್ಯವೇ ಇಲ್ಲ.

ಈಗ ಬಕೆಟಿನ ವಿಷಯ. ಒಂದು ಲೀಟರ್ ನೀರಿಗೆ 180 ವಾಟ್ ಬಿಸಿ ಕೊಟ್ಟರೆ ನಿಮಿಷಕ್ಕೆ ಎರಡೂವರೆ ಡಿಗ್ರಿ ಏರುತ್ತದೆ. 20 ಲೀಟರಿನ ಬಕೆಟಾದರೆ ತಾಸಿಗೆ ಏಳೆಂಟು ಡಿಗ್ರಿ. ಮೊದಲ ತಾಸು ಭಾರೀ ಖುಷಿಯಾಗುತ್ತದೆ. ಯೂಟ್ಯೂಬಿನ ವೀಡಿಯೊಗಳು ಮುಗಿಯುವುದೂ ಅಷ್ಟರಲ್ಲೇ. ನಿಮ್ಮದು ನಾಲ್ಕೈದು ತಾಸಿನ ರೆಂಡರ್. ಬಕೆಟಿನ ಮೈಯಿಂದ, ಆವಿಯಿಂದ ಒಂದಿಷ್ಟು ಬಿಸಿ ಹೊರಗೆ ಹೋದರೂ ಕೊನೆಗೆ ನೀರು ಸ್ನಾನಕ್ಕೆ ಹದವಾಗಿರುತ್ತದೆ. ಮೀನಿನ ತೊಟ್ಟಿಯ ಪಂಪುಗಳು ಸಾಮಾನ್ಯವಾಗಿ 35 ಡಿಗ್ರಿ ನೀರಿಗೆ ಮಾಡಿದಂಥವು. ಮೀನು ಬದುಕುವ ನೀರಿಗೆ, ಮನುಷ್ಯ ಮೀಯುವ ನೀರಿಗೆ ಅಲ್ಲ. ಪಂಪು ನಿಂತರೆ ಪ್ರೊಸೆಸರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ.

ಅಜ್ಜನ ಪಂಪ್‌ಸೆಟ್ಟಿಗೆ ಈ ತೊಂದರೆ ಇರಲಿಲ್ಲ. ತೋಟಕ್ಕೆ ಎತ್ತುವ ನೀರಿನಲ್ಲೇ ಒಂದು ಪಾಲು ಇಂಜಿನ್ನಿನ ಮೈಯೊಳಗೆ ಹಾಯ್ದು ಬಿಸಿಯಾಗಿ ಹೊರಗೆ ಬೀಳುತ್ತಿತ್ತು. ಚಳಿಗಾಲದ ಬೆಳಿಗ್ಗೆ ಆ ನೀರಿನಲ್ಲಿ ಕಾಲು ತೊಳೆದುಕೊಂಡ ನೆನಪು ನನಗೂ ಉಂಟು. ಬಿಸಿಯಾದ ನೀರು ಮತ್ತೆ ಒಳಗೆ ಬರುತ್ತಿರಲಿಲ್ಲ. ಯಾವಾಗಲೂ ಹೊಸ ನೀರು. ನಿಮ್ಮ ಸುರಂಗದ ಐಡಿಯಾ ಇದೇ. ನಿಮಿಷಕ್ಕೆ ಒಂದು ಲೀಟರ್ ಹರಿದರೂ ಸಾಕು, ನೀರು ಎರಡೂವರೆ ಡಿಗ್ರಿ ಬಿಸಿಯಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಬರೀ ಬಿಸಿ ತೆಗೆಯುವ ಲೆಕ್ಕದಲ್ಲಿ ನೋಡಿದರೆ ಅಂಗಡಿಯಲ್ಲಿ ಸಿಗುವ ಯಾವ ಕೂಲರೂ ಇದರ ಹತ್ತಿರ ಬರುವುದಿಲ್ಲ.

ಹಾಗಾದರೆ ಬೇಡ ಎಂದು ಯಾಕೆ ಹೇಳುತ್ತೇನೆ?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಜೂನ್ ತಿಂಗಳಲ್ಲಿ, ಮಳೆ ಒಂದು ಗಳಿಗೆ ನಿಂತಾಗ, ಸುರಂಗದ ನೀರನ್ನು ಆಗಷ್ಟೇ ಸ್ಟೀಲ್ ಚೊಂಬಿನಲ್ಲಿ ಹಿಡಿದು ಮೇಜಿನ ಮೇಲೆ ಇಡಿ. ನಾನು ಪೆರ್ಲದ ಕಡೆ ಒಬ್ಬರ ಮನೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಹೋದಾಗ ಇದನ್ನು ಗಮನಿಸಿದ್ದೆ. ಕುಡಿಯಲಿಕ್ಕೆ ನೀರು ಕೊಟ್ಟಿದ್ದರು. ಮೊದಲು ಚೊಂಬಿನ ಹೊರಮೈ ಮಂಜು ಹಿಡಿದ ಹಾಗೆ ಮಬ್ಬಾಯಿತು. ಸ್ವಲ್ಪ ಹೊತ್ತಿಗೆ ಮಬ್ಬು ಹನಿಯಾಯಿತು. ಸ್ಕ್ರೂ ತೆಗೆದು ಕ್ಯಾಬಿನೆಟ್ ಬಿಚ್ಚುವಷ್ಟರಲ್ಲಿ ಚೊಂಬಿನ ಅಡಿಯಲ್ಲಿ ನೀರಿನ ಬಳೆ ನಿಂತಿತ್ತು. ಚೊಂಬು ತೂತಾಗಿರಲಿಲ್ಲ. ಅದು ಗಾಳಿಯಲ್ಲಿದ್ದ ನೀರು. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ 30 ಡಿಗ್ರಿ ಇದ್ದು, ತೇವ ಶೇಕಡ 85 ಇದ್ದರೆ, 27 ಡಿಗ್ರಿಗಿಂತ ತಂಪಾದ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ಹನಿ ಕಟ್ಟುತ್ತದೆ. ಆ ಚೊಂಬಿನ ಜಾಗದಲ್ಲಿ ಪ್ರೊಸೆಸರಿನ ಮೇಲಿನ ತಾಮ್ರದ ತಟ್ಟೆಯನ್ನು ಇಟ್ಟು ನೋಡಿ. ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಮಲಗುತ್ತೀರಿ, ಸುರಂಗದ ನೀರು ಹರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು ಸ್ವಿಚ್ ಹಾಕುವಾಗ ಬೋರ್ಡಿನ ಮೇಲೆ ನೀರು ಕೂತಿರುತ್ತದೆ. ಎಲ್ಲೂ ಲೀಕ್ ಇಲ್ಲದೆಯೇ ಬೋರ್ಡು ಸತ್ತು ಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ವಾಟರ್ ಕೂಲರ್ ಹೀಗೆ ಬೆವರುವುದಿಲ್ಲ. ಅದರ ನೀರು ಯಾವಾಗಲೂ ರೂಮಿನ ಗಾಳಿಗಿಂತ ಒಂದು ಗೆರೆ ಬಿಸಿಯಾಗಿಯೇ ಇರುತ್ತದಲ್ಲ. ‘ಕಾಸರಗೋಡಿನ ತೇವಕ್ಕೆ ವಾಟರ್ ಕೂಲಿಂಗ್ ಆಗುವುದಿಲ್ಲ, ಹನಿ ಬೀಳುತ್ತದೆ’ ಎಂದು ಹೇಳುವವರ ಮಾತೂ ಅರ್ಧ ಸುಳ್ಳೇ.

ಒತ್ತಡದ ಪ್ರಶ್ನೆಯೂ ಉಂಟು. ಗುಡ್ಡದ ಮೇಲಿನ ಸುರಂಗದಿಂದ ನೀರು ಹತ್ತು ಮೀಟರ್ ಕೆಳಗಿಳಿದು ಬಂದರೆ, ನಲ್ಲಿ ಮುಚ್ಚಿದಾಗ ಪೈಪಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ ಇರುತ್ತದೆ. ಕಂಪ್ಯೂಟರಿನಲ್ಲಿ ನೀರು ಸುತ್ತುವ ದಾರಿಯನ್ನು, ಅಂದರೆ ಲೂಪನ್ನು, ಲೀಕ್ ಟೆಸ್ಟ್ ಮಾಡುವುದೇ ಹೆಚ್ಚುಕಡಿಮೆ ಅದರ ಅರ್ಧದಲ್ಲಿ. ಇನ್ನು ತಾಮ್ರದ ತಟ್ಟೆಯ ಒಳಗಿನ ಗೀರುಗಳು ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಭಾಗದಷ್ಟು ಸಪೂರ. ಪಂಪ್‌ಸೆಟ್ಟಿನೊಳಗೆ ಬೆರಳು ತೂರುವಷ್ಟು ದಾರಿ ಇತ್ತು, ಕಸ ಬಂದರೂ ಹೋಗುತ್ತಿತ್ತು. ಇಲ್ಲಿ ಮುರಕಲ್ಲಿನ ಕೆಂಪು ಮಣ್ಣಿನ ಒಂದು ಚಿಟಿಕೆ ಸಾಕು. ಮನೆಯ ಟ್ಯಾಂಕಿನ ತಳದಲ್ಲಿ ಕೂರುವ ಆ ಕೆಂಪು ಗಸಿಯನ್ನು ನೆನಪು ಮಾಡಿಕೊಳ್ಳಿ.

ಮನೆಯಲ್ಲೇ ಮಾಡಿದ ಒಂದು ಸೆಟ್ಟಪ್ಪು ನನ್ನ ಬೆಂಚಿಗೆ ಬಂದಿತ್ತು. ಕುಂಬಳೆ ಕಡೆಯ ಹುಡುಗ, ಬುದ್ಧಿವಂತ. ಪ್ರೊಸೆಸರ್ ಮೇಲೆ ಕೂರುವ ಅಲ್ಯೂಮಿನಿಯಂ ಬ್ಲಾಕು, ತಾಮ್ರದ ಪೈಪಿನ ಸುರುಳಿ, ಒಳಗೆ ಬಾವಿ ನೀರು. ಆರು ತಿಂಗಳು ಚೆನ್ನಾಗಿ ಓಡಿತ್ತಂತೆ. ಬಿಚ್ಚಿದಾಗ ಬ್ಲಾಕಿನೊಳಗೆ ಸುಣ್ಣ ಕಲಸಿದ ಹಾಗೆ ಬಿಳಿ ಪೇಸ್ಟು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಸೇರಿದರೆ ಅದೊಂದು ಬ್ಯಾಟರಿ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕಂಪನಿಯ ಕೂಲರುಗಳಲ್ಲೂ ಹೆಚ್ಚಿನವುಗಳಲ್ಲಿ ತಟ್ಟೆ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ. ಆದರೆ ಒಳಗಿನ ದ್ರವಕ್ಕೆ ತುಕ್ಕು ತಡೆಯುವ ರಾಸಾಯನಿಕ ಸೇರಿಸಿ, ಗಾಳಿ ಹೋಗದ ಹಾಗೆ ಸೀಲ್ ಮಾಡಿರುತ್ತಾರೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಹಾಕಿದರೆ ಸೋರಿದರೂ ಶಾರ್ಟ್ ಆಗುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಶುದ್ಧ ನೀರು ಕರೆಂಟನ್ನು ಹೆಚ್ಚು ಹರಿಸುವುದಿಲ್ಲ, ನಿಜ. ಲೋಹ ಮುಟ್ಟಿ, ಬೋರ್ಡಿನ ಧೂಳು ಮುಟ್ಟಿ ಅದು ಶುದ್ಧವಾಗಿ ಉಳಿಯುವುದಿಲ್ಲ, ಅಷ್ಟೆ.

ಸರಿ, ದುಡ್ಡು ಖರ್ಚು ಮಾಡುವ ಮೊದಲು ಒಂದು ಭಾನುವಾರ ನನಗೆ ಕೊಡಿ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚಿ ಒಂದು ವೀಡಿಯೊ ರೆಂಡರ್ ಮಾಡಿ, ಆಮೇಲೆ ಬಾಗಿಲು ತೆಗೆದಿಟ್ಟು ಅದೇ ವೀಡಿಯೊ ಮತ್ತೆ ಮಾಡಿ. ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಬಿಸಿ, ವಾಟ್, ವೇಗ ಮೂರನ್ನೂ ಬರೆದಿಡಿ. ಬಾಗಿಲು ತೆಗೆದಾಗ ಬಿಸಿಯೋ ವೇಗವೋ ಗಟ್ಟಿಯಾಗಿ ಬದಲಾದರೆ ತಪ್ಪು ಕೂಲರಿನದ್ದಲ್ಲ, ಕ್ಯಾಬಿನೆಟ್ಟಿನದ್ದು. ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣದ ಲೈಟಿನ ಮೂರು ಫ್ಯಾನು ಇರುವ ಕ್ಯಾಬಿನೆಟ್ಟುಗಳು ಈಗ ಎಲ್ಲ ಕಡೆ. ನೋಡಲಿಕ್ಕೆ ಚಂದ. ಆ ಫ್ಯಾನುಗಳಿಗೆ ಎಳೆಯಲಿಕ್ಕೆ ಗಾಳಿಯೇ ಇರುವುದಿಲ್ಲ. ಎದುರು ಜಾಳಿಗೆ ಇರಬೇಕು, ಹಿಂದೆ ಹೊರಗೆ ದೂಡುವ ಒಂದು ಫ್ಯಾನು ಇರಬೇಕು. ಧೂಳೂ ನೋಡಿ. ನಮ್ಮಲ್ಲಿ ಬೇಸಿಗೆಯ ಕೆಂಪು ಧೂಳು ಮತ್ತು ಅಡಿಕೆ ಸುಲಿದಾಗ ಹಾರುವ ನಾರು ಸೇರಿ ಫ್ಯಾನಿನ ಕೆಳಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಸುಮ್ನೆ ತಿರುಗಲು ಬಿಡಬೇಡಿ, ಬೇರಿಂಗ್ ಹಾಳಾಗುತ್ತದೆ.

ಆಮೇಲೆ ಕೂಲರಿನ ನಾಲ್ಕು ಕಾಲು. ಇಂಟೆಲ್ ಡಬ್ಬಿಯ ಕೂಲರು ನಾಲ್ಕು ಪ್ಲಾಸ್ಟಿಕ್ ಪಿನ್ನಿನ ಮೇಲೆ ನಿಲ್ಲುತ್ತದೆ. ಉಪ್ಪಳದ ಒಬ್ಬರು ಥೇಟ್ ನಿಮ್ಮದೇ ದೂರು ಹೇಳಿಕೊಂಡು ಕಂಪ್ಯೂಟರ್ ತಂದಿದ್ದರು. ವಾಟರ್ ಕೂಲರಿಗೆ ದುಡ್ಡೂ ತಂದಿದ್ದರು. ಕೂಲರನ್ನು ಹಿಡಿದು ಮೆಲ್ಲ ಅಲ್ಲಾಡಿಸಿದೆ, ಒಂದು ಮೂಲೆ ಆಡುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದಾಗ ‘ಟಕ್’ ಎಂದಿತು. ಅಷ್ಟೇ ರಿಪೇರಿ. 100ರಲ್ಲಿ ಅಂಟಿಕೊಂಡಿದ್ದ ಬಿಸಿ ಎಂಬತ್ತರ ಮೇಲೆ ಹೋಗಲಿಲ್ಲ. ಅವರದ್ದು ಐ5, ನಿಮ್ಮದರಲ್ಲಿ ಅಷ್ಟು ಇಳಿಯಲಿಕ್ಕಿಲ್ಲ. ಎರಡು ವರ್ಷವಾಗಿರುವುದರಿಂದ ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸಲಿಕ್ಕೆ ಹಚ್ಚಿರುವ ಪೇಸ್ಟನ್ನೂ ಒರೆಸಿ ಹೊಸತು ಹಾಕಿ. ಒಂದು ಕಡಲೆ ಕಾಳಿನಷ್ಟು ಸಾಕು, ಚಟ್ನಿ ಸವರಿದ ಹಾಗೆ ಬೇಡ.

ಮೂರನೆಯದು ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯ. ವೀಡಿಯೊ ಎಕ್ಸ್‌ಪೋರ್ಟ್ ಮಾಡುವಲ್ಲಿ ಸಾಫ್ಟ್‌ವೇರ್ ಎನ್‌ಕೋಡಿಂಗ್, ಹಾರ್ಡ್‌ವೇರ್ ಎನ್‌ಕೋಡಿಂಗ್ ಎಂದು ಎರಡು ಉಂಟು. ಮೊದಲನೆಯದರಲ್ಲಿ ಹೊರೆ ಪೂರ್ತಿ ಪ್ರೊಸೆಸರಿನ ಮೇಲೆ. ಎರಡನೆಯದರಲ್ಲಿ ನಿಮ್ಮ 3060 ಕಾರ್ಡಿನೊಳಗೆ ಇದಕ್ಕಾಗಿಯೇ ಇರುವ ಭಾಗ ಕೆಲಸ ಮಾಡುತ್ತದೆ. ನಿಮ್ಮ ಪ್ರೊಸೆಸರಿನ ಒಳಗೂ ಅಂಥದ್ದೊಂದು ಉಂಟು. ಅದೇ ಗುಣಮಟ್ಟಕ್ಕೆ ಫೈಲು ಸ್ವಲ್ಪ ದೊಡ್ಡದಾಗಬಹುದು. ಎಡಿಟಿಂಗ್ ಸಾಫ್ಟ್‌ವೇರುಗಳ ಕೆಲವು ಉಚಿತ ಆವೃತ್ತಿಗಳಲ್ಲಿ ಈ ಸೌಲಭ್ಯ ಇರುವುದಿಲ್ಲ, ಅಂಥವರ ಕಷ್ಟ ಬೇರೆ. ಆದರೆ ಇದನ್ನು ಒಮ್ಮೆಯೂ ಬದಲಿಸಿ ನೋಡದೆ ಕೂಲರ್ ಕೊಳ್ಳಲು ಬಂದವರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ನಷ್ಟ ನನ್ನದೇ, ಇರಲಿ.

ಕೊನೆಗೆ ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗು. ಅಲ್ಲಿ ಲಾಂಗ್ ಡ್ಯುರೇಶನ್ ಪವರ್ ಲಿಮಿಟ್ ಅಥವಾ ಪಿಎಲ್1 ಎಂಬ ಜಾಗ ಇರುತ್ತದೆ. ಪ್ರೊಸೆಸರ್ ತುಂಬಾ ಹೊತ್ತು ಎಷ್ಟು ವಾಟ್ ಎಳೆಯಬಹುದು ಎಂಬ ಮಿತಿ ಅದು. ಕೆಲವು ಬೋರ್ಡುಗಳಲ್ಲಿ ಅಲ್ಲಿ 4096 ವಾಟ್ ಎಂದು ಕಾಣುತ್ತದೆ. ಮಿತಿಯೇ ಇಲ್ಲ ಎಂದು ಅದರ ಅರ್ಥ. ಈಗಿರುವ ಕೂಲರಿಗೆ 90 ಇಡಿ, ಒಳ್ಳೆಯ ಕೂಲರ್ ಬಂದ ಮೇಲೆ 125 ಇಡಿ. ನನ್ನ ಬೆಂಚಿನಲ್ಲಿ ಇದೇ ಪ್ರೊಸೆಸರನ್ನು 180ರಲ್ಲಿ ಮತ್ತು 125ರಲ್ಲಿ ಓಡಿಸಿ ನೋಡಿದ್ದೇನೆ. ಒಂದು ತಾಸಿನ ಕೆಲಸಕ್ಕೆ ಐದಾರು ನಿಮಿಷ ಜಾಸ್ತಿ ಹಿಡಿಯಿತು. ಬಿಸಿಯೂ ಸದ್ದೂ ಎಷ್ಟು ಇಳಿಯಿತೆಂದರೆ ಆ ಐದು ನಿಮಿಷ ಯಾರೂ ಲೆಕ್ಕ ಮಾಡಲಿಕ್ಕಿಲ್ಲ. ಮತ್ತೆ, ದೊಡ್ಡ ರೆಂಡರುಗಳನ್ನು ರಾತ್ರಿ ಹತ್ತರ ಮೇಲೆ ಹಾಕಿ. ಶೀಟಿನ ರೂಮು ಅಷ್ಟರಲ್ಲಿ ಎಂಟು ಹತ್ತು ಡಿಗ್ರಿ ಇಳಿದಿರುತ್ತದೆ. ಅಷ್ಟು ಇಳಿಸುವ ಕೂಲರಿಗೆ ಅಂಗಡಿಯಲ್ಲಿ ಎರಡು ಸಾವಿರ ಕೊಡಬೇಕು.

ಇಷ್ಟಾದ ಮೇಲೂ ಕೂಲರ್ ಬದಲಿಸುವುದು ಒಳ್ಳೆಯದು. ಐ7ಗೆ ಡಬ್ಬಿಯ ಫ್ಯಾನು ಕಡಿಮೆಯೇ. ಯಾವುದು?

ನಾನು ಹೇಳುವುದು ಟವರ್ ಕೂಲರ್. ಬೇಜಾರು ಮಾಡಬೇಡಿ, ಇದರಲ್ಲೂ ನೀರು ಉಂಟು. ಟವರ್ ಕೂಲರಿನ ತಾಮ್ರದ ಕೊಳವೆಗಳು ಗಟ್ಟಿ ಸರಳಲ್ಲ, ಒಳಗೆ ಟೊಳ್ಳು. ಗಾಳಿ ಪೂರ್ತಿ ಎಳೆದು ತೆಗೆದು, ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಇಲ್ಲದ ಕಾರಣ ಆ ನೀರು ಕುದಿಯಲಿಕ್ಕೆ 100 ಡಿಗ್ರಿ ಬೇಕಾಗಿಲ್ಲ. ಪ್ರೊಸೆಸರ್ ಸ್ವಲ್ಪ ಬಿಸಿಯಾದರೂ ಆವಿಯಾಗಿ ಮೇಲೆ ಹೋಗುತ್ತದೆ. ಮೇಲಿನ ತಗಡುಗಳಿಗೆ ಬಿಸಿ ಕೊಟ್ಟು ಮತ್ತೆ ನೀರಾಗಿ, ಕೊಳವೆಯ ಒಳಮೈಯ ಬತ್ತಿಯಂಥ ಪದರದಲ್ಲಿ ಕೆಳಗೆ ಬರುತ್ತದೆ. ಇಡ್ಲಿ ಅಟ್ಟದ ಮುಚ್ಚಳ ತೆಗೆಯುವಾಗ ಅದರ ಒಳಗಿಂದ ಹನಿ ಉದುರುತ್ತದಲ್ಲ, ಅದೇ ಆಟ. ಪಂಪಿಲ್ಲ, ಟ್ಯೂಬಿಲ್ಲ, ಕೆಟ್ಟುಹೋಗುವುದು ಎದುರಿನ ಫ್ಯಾನು ಮಾತ್ರ. ಅದನ್ನು 500 ರೂಪಾಯಿಯ ಆಸುಪಾಸಿನಲ್ಲಿ ಬದಲಿಸಬಹುದು.

ನಾಲ್ಕು ಕೊಳವೆಯ ಒಂಟಿ ಟವರು ಎರಡು ಸಾವಿರದ ಆಸುಪಾಸಿಗೆ ಸಿಗುತ್ತದೆ. ಆರು ಕೊಳವೆ, ಎರಡು ಫ್ಯಾನು ಇರುವ ಜೋಡಿ ಟವರು ನಾಲ್ಕು ಸಾವಿರದ ಹತ್ತಿರ. ನಿಮ್ಮ ಪ್ರೊಸೆಸರಿಗೆ ಎರಡನೆಯದು ಸರಿ. ತೊಂದರೆ ಒಂದೇ, ಎತ್ತರ. ಇವು 155ರಿಂದ 160 ಮಿಲಿಮೀಟರ್ ಎತ್ತರ ಇರುತ್ತವೆ. ಕಡಿಮೆ ಬೆಲೆಯ ಕ್ಯಾಬಿನೆಟ್ಟಿನಲ್ಲಿ ಬಾಗಿಲು ಮುಚ್ಚದೆ ಉಳಿಯುತ್ತದೆ. ಬೋರ್ಡಿನಿಂದ ಬಾಗಿಲಿನ ತನಕ ಸ್ಕೇಲು ಇಟ್ಟು ಅಳೆದು ಆರ್ಡರ್ ಮಾಡಿ. ಎಲ್‌ಜಿಎ 1700 ಸಾಕೆಟಿನ (ನಿಮ್ಮ ಪ್ರೊಸೆಸರ್ ಕೂರುವ ಜಾಗದ) ಕ್ಲಾಂಪು ಜೊತೆಗೆ ಉಂಟೇ ಎಂದು ಕೇಳಿ. ಹಳೆ ಸ್ಟಾಕಿನ ಕೂಲರಿಗೆ ಇರುವುದಿಲ್ಲ, ತೂತುಗಳ ಅಂತರ ಮೊದಲಿನ ಸಾಕೆಟಿಗಿಂತ ಬೇರೆ.

ಇನ್ನು ಸೀಲ್ ಆಗಿ ಬರುವ ವಾಟರ್ ಕೂಲರ್, ಎಐಒ ಎನ್ನುತ್ತಾರಲ್ಲ, ಅದು. ನಿಮ್ಮ ಬಜೆಟ್ಟಿನಲ್ಲಿ 240 ಮಿಲಿಮೀಟರ್ ರೇಡಿಯೇಟರಿನದ್ದು ಬರುತ್ತದೆ, ಐದರಿಂದ ಏಳು ಸಾವಿರದೊಳಗೆ. 120ರದ್ದು ಮಾತ್ರ ಬೇಡವೇ ಬೇಡ. ಜೋಡಿ ಟವರಿಗಿಂತ ಅದು ಯಾವುದರಲ್ಲೂ ಮೇಲಲ್ಲ, ಹೆಸರಿಗೆ ವಾಟರ್ ಕೂಲಿಂಗ್ ಅಷ್ಟೆ. 240ರದ್ದು ತಾಸುಗಟ್ಟಲೆ ಓಡುವ 180 ವಾಟಿನ ರೆಂಡರಿನಲ್ಲಿ ಜೋಡಿ ಟವರಿಗಿಂತ ನಾಲ್ಕೈದು ಡಿಗ್ರಿ ಕಡಿಮೆ ತೋರಿಸಬಹುದು. ಕ್ಯಾಬಿನೆಟ್ಟಿನಲ್ಲಿ ಎತ್ತರದ ಟವರಿಗೆ ಜಾಗ ಇಲ್ಲದಿದ್ದರೆ ಇದೇ ದಾರಿ. ಮುಚ್ಚುಮರೆ ಯಾಕೆ, ಕೆಲವರಿಗೆ ನೋಡಲಿಕ್ಕೆ ಬೇಕು ಎನಿಸುತ್ತದೆ. ಅದೂ ಒಂದು ಕಾರಣವೇ, ನಾನು ಬೇಡ ಅನ್ನುವುದಿಲ್ಲ.

ಅಪಾಯಗಳನ್ನೂ ಕೇಳಿಸಿಕೊಳ್ಳಿ. ಸೋರುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಪಂಪು ಸೋಲುವುದು, ಒಳಗೆ ಕೆಸರು ಕಟ್ಟುವುದು, ವರ್ಷಗಳ ಮೇಲೆ ರಬ್ಬರ್ ಟ್ಯೂಬಿನ ಮೂಲಕ ನೀರು ಸ್ವಲ್ಪ ಸ್ವಲ್ಪ ಆವಿಯಾಗಿ ಕಡಿಮೆಯಾಗುವುದು. ಐದಾರು ವರ್ಷ ಬಂದರೆ ಸಾರ್ಥಕ ಎಂದುಕೊಳ್ಳಬೇಕು. ಒಳಗಿನ ನೀರು ಮತ್ತೆ ತುಂಬುವ ಹಾಗೆ ಹೆಚ್ಚಿನವು ಇರುವುದಿಲ್ಲ. ವಾರಂಟಿಗೆ ಕೊರಿಯರ್ ಮಾಡಿದರೆ ಎರಡು ಮೂರು ವಾರ ಕಾಯಬೇಕು, ಅಷ್ಟು ದಿನ ನಿಮ್ಮ ಎಡಿಟಿಂಗ್ ನಿಲ್ಲುತ್ತದೆ. ಮಂಗಳೂರಿಂದ ತಂದರೂ ಆನ್‌ಲೈನಿನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್ಲು ತೆಗೆದಿಡಿ. ಸೋರಿ ಬೋರ್ಡು ಹೋದರೆ ಬೋರ್ಡಿನ ದುಡ್ಡೂ ಕೊಡುತ್ತಾರೋ ಇಲ್ಲವೋ ಎಂಬುದು ಒಂದೊಂದು ಕಂಪನಿಯದ್ದು ಒಂದೊಂದು ಥರ. ವಾರಂಟಿ ಚೀಟಿಯಲ್ಲಿ ಆ ಒಂದು ಸಾಲನ್ನು ಹುಡುಕಿ ಓದಿ.

ಹಾಕುವ ರೀತಿಯಲ್ಲಿ ಒಂದು ಮಾತು ಮಾತ್ರ ಮರೆಯಬೇಡಿ. ಒಳಗೆ ಇರುವ ಚೂರು ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ಆ ಎತ್ತರದ ಜಾಗ ಪಂಪು ಆಗಬಾರದು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮಾಡಿಗೆ ಹಾಕಿ. ಎದುರಿಗೆ ಹಾಕುವುದಾದರೆ ಟ್ಯೂಬು ಕೆಳಗೆ ಬರುವ ಹಾಗೆ ನಿಲ್ಲಿಸಿ. ನೆಲಕ್ಕೆ ಹಾಕಿದರೆ ಪಂಪಿನೊಳಗೆ ಗುಳುಗುಳು ಸದ್ದು ಬಂದು ಬೇಗ ಸಾಯುತ್ತದೆ. ಮಾಡಿಗೆ ಹಾಕಲು ರೇಡಿಯೇಟರ್ ಮತ್ತು ಫ್ಯಾನು ಸೇರಿ ಐದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪ ಜಾಗ ಬೇಕು, ರ್‍ಯಾಮ್ ತಾಗಬಾರದು. ತಟ್ಟೆಯ ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ನಗಬೇಡಿ, ತೆಗೆಯದೆ ಹಾಕಿದ್ದನ್ನು ನಾನು ಒಂದಲ್ಲ, ಮೂರು ಸಲ ಕಂಡಿದ್ದೇನೆ.

ಒಂದು ವೇಳೆ ಹನಿ ಕಂಡಿರೋ, ಮೊದಲು ಯುಪಿಎಸ್ ಆಫ್ ಮಾಡಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಯುಪಿಎಸ್ ತನ್ನ ಪಾಡಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಪ್ಲಗ್ ಕಿತ್ತು, ಒರೆಸಿ, ಬಿಚ್ಚಿ ಇಡಿ. ಓಡುತ್ತದೋ ನೋಡೋಣ ಎಂದು ಆನ್ ಮಾಡಬೇಡಿ. ಒಣಗಿದರೂ ಆ ದ್ರವದ ಪಸೆ ಉಳಿಯುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಸಬೇಕು. ಆಫ್ ಇದ್ದ ಬೋರ್ಡಿನ ಮೇಲೆ ಬಿದ್ದ ನೀರಿನಿಂದ ಬೋರ್ಡು ಉಳಿಸಿಕೊಟ್ಟದ್ದು ಎಷ್ಟೋ ಸಲ ಉಂಟು. ಆನ್ ಮಾಡಿ ನೋಡಿದವರದ್ದು ಉಳಿದದ್ದು ಕಡಿಮೆ.

ಬಿಡಿಭಾಗ ತಂದು ನೀವೇ ಜೋಡಿಸುವ ಲೂಪಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಂಪು, ಟ್ಯಾಂಕು, ಬ್ಲಾಕು, ಫಿಟ್ಟಿಂಗು ಒಳ್ಳೆಯದನ್ನು ತೆಗೆದುಕೊಂಡರೆ ನಿಮ್ಮ ಬಜೆಟ್ಟಿನ ನಾಲ್ಕು ಪಟ್ಟು ದಾಟುತ್ತದೆ, ವರ್ಷಕ್ಕೊಮ್ಮೆ ನೀರು ಬದಲಿಸುವ ಕೆಲಸ ಬೇರೆ. ಅಗ್ಗದ ಕಿಟ್ಟುಗಳಲ್ಲಿ ಯಾವ ಲೋಹ ಎಲ್ಲಿ ಇದೆ ಎಂದೇ ಬರೆದಿರುವುದಿಲ್ಲ.

ಕೇಳದಿದ್ದರೂ ಒಂದು ಮಾತು. ನನ್ನ ಬೆಂಚಿಗೆ ಸತ್ತು ಬರುವ ಬೋರ್ಡುಗಳಲ್ಲಿ ಬಿಸಿಯಿಂದ ಸತ್ತದ್ದು ತೀರಾ ಕಡಿಮೆ. ಸಿಡಿಲಿನಿಂದ ಸತ್ತದ್ದೇ ಜಾಸ್ತಿ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದರೆ ಪ್ಲಗ್ಗು ಮಾತ್ರ ಅಲ್ಲ, ಇಂಟರ್‌ನೆಟ್ಟಿನ ಕೇಬಲ್ಲನ್ನೂ ಕಿತ್ತಿಡಿ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಸುರಂಗದ ನೀರನ್ನು ಬಳಸಲೇಬೇಕೆಂದಿದ್ದರೆ ಅರ್ಥಿಂಗಿನ ಗುಂಡಿಗೆ ವಾರಕ್ಕೊಂದು ಬಕೆಟ್ ಹೊಯ್ಯಿರಿ. ಕಂಪ್ಯೂಟರಿಗೆ ಆ ನೀರಿನಿಂದ ನಿಜವಾದ ಉಪಕಾರ ಆಗುವುದು ಅಲ್ಲಿ.

ಹಾಗಾಗಿ ನಿಮ್ಮ 6,000ದಲ್ಲಿ: ಜೋಡಿ ಟವರಿಗೆ ನಾಲ್ಕು ಸಾವಿರ, ಎದುರಿಗೊಂದು ಹಿಂದೆಯೊಂದು 120ರ ಫ್ಯಾನಿಗೆ ಒಂದು ಸಾವಿರ, ಪೇಸ್ಟಿಗೆ ಇನ್ನೂರು ಮುನ್ನೂರು. ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಿ. ಬಾಗಿಲು ತೆಗೆದು ಮಾಡಿದ ಪರೀಕ್ಷೆಯ ಲೆಕ್ಕ ಬರೆದು ಕಳಿಸಿ, ಫ್ಯಾನು ಎರಡು ಬೇಕೋ ಒಂದು ಸಾಕೋ ಎಂದು ನೋಡಿ ಹೇಳುತ್ತೇನೆ. ಈಗಿರುವ ಡಬ್ಬಿಯ ಕೂಲರನ್ನು ಮಾರಬೇಡಿ, ಯಾರೂ ನೂರು ರೂಪಾಯಿಯೂ ಕೊಡುವುದಿಲ್ಲ. ಒರೆಸಿ ಕಪಾಟಿನಲ್ಲಿ ಇಡಿ. ಮದುವೆ ವೀಡಿಯೊ ಕೊಡಬೇಕಾದ ಹಿಂದಿನ ದಿನ ಹೊಸ ಕೂಲರಿನ ಫ್ಯಾನು ನಿಂತರೆ ಅದು ಬೇಕಾಗುತ್ತದೆ.